ತಕ್ಕಡಿ ಬಿದ್ದ ಶೆಟ್ಟರು

ಅವರಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅವರು ತೀರಿಕೊಂಡ ಮಾರನೆಯ ದಿನ ನಮ್ಮ ಕಡೆಯ ಪತ್ರಿಕೆಯೊಂದರಲ್ಲಿ ‘ಹಿರಿಯ ಚಿತ್ರಕಲಾವಿದೆ ನಿಧನ’ ಎಂದು ಬಂತು. ಅದನ್ನು ಓದಿದ್ದರೆ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರು ಹಸು ಬರೆದರೆ ಸ್ಕೂಟರಿನಂತೆ ಕಾಣುತ್ತಿತ್ತು. ಸ್ಕೂಟರ್ ಬರೆದರೆ ಯಾವುದರಂತೆಯೂ ಕಾಣುತ್ತಿರಲಿಲ್ಲ. ಹೀಗಿದ್ದೂ ಇಪ್ಪತ್ತಾರು ವರ್ಷ ತಿ. ನರಸೀಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದರು. ಹೆಸರು ಬರೆಯುವುದಿಲ್ಲ. ಅವರ ಯಜಮಾನರಿಗೆ ಈಗ ಕುಟುಂಬ ಪಿಂಚಣಿ ಬರುತ್ತಿದೆ. ನನ್ನ ಬರಹದಿಂದ ಇಲಾಖೆಯವರಿಗೆ ಹೊಸ ಯೋಚನೆ ಹುಟ್ಟುವುದು ಬೇಡ.

ಅವರು ಕೆಲಸಕ್ಕೆ ಸೇರಿದ್ದು ಹೊಲಿಗೆ ಶಿಕ್ಷಕಿಯಾಗಿ. ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಒಂದು ವರ್ಷ ಹೊಲಿಗೆಯ ಹುದ್ದೆಗಳು ಕಡಿಮೆಯಾದಾಗ ಆಫೀಸಿನಲ್ಲಿ ಯಾರೋ ಅವರನ್ನು ಖಾಲಿ ಬಿದ್ದಿದ್ದ ಚಿತ್ರಕಲೆಯ ಜಾಗಕ್ಕೆ ಹಾಕಿ ಆರ್ಡರ್ ಕಳಿಸಿದರು. ಇವರು ಆ ಕಾಗದ ಹಿಡಿದುಕೊಂಡು ಸಾಹೇಬರ ಮುಂದೆ ಹೋಗಿ ನಿಂತರಂತೆ.

“ನನಗೆ ಚಿತ್ರ ಬರಲ್ಲ ಸಾರ್.”

“ಮಕ್ಕಳಿಗೂ ಬರಲ್ಲ ಕಣಮ್ಮ. ಸೇರ್ಕೊಂಡು ಕಲೀರಿ, ಹೋಗಿ.”

ಇವರು ಹೋದರು. ತರಗತಿಯಲ್ಲಿ ಒಂದು ಉಪಾಯ ಕಂಡುಕೊಂಡರು. ಬೋರ್ಡಿನ ಮೇಲೆ ಏನಾದರೊಂದು ಬರೆದು, “ಇದೇನು, ಹೇಳಿ ನೋಡೋಣ” ಎಂದು ಮಕ್ಕಳನ್ನೇ ಕೇಳುವುದು. ಹೆಚ್ಚು ಮಕ್ಕಳು ಏನೆನ್ನುತ್ತಾರೋ ಅದನ್ನೇ ಚಿತ್ರದ ಕೆಳಗೆ ಬರೆಯುವುದು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಬೋರ್ಡನ್ನು ಬಹಳ ಹೊತ್ತು ನೋಡಿ, ಇದೇನೆಂದು ಕೇಳಿದರು. ಒಂದು ಸಾಲಿನವರು ನವಿಲು ಎಂದರು. ಇನ್ನೊಂದು ಸಾಲಿನವರು ಪೊರಕೆ ಎಂದರು. ಹಿಂದಿನ ಬೆಂಚಿನಿಂದ ಯಾರೋ ನಮ್ಮ ಹೆಡ್‌ಮಾಸ್ಟರು ಎಂದರು. ಅಧಿಕಾರಿ ತಮ್ಮ ವರದಿಯಲ್ಲಿ ‘ಮಕ್ಕಳ ಕಲ್ಪನಾಶಕ್ತಿ ಉತ್ತಮವಾಗಿದೆ’ ಎಂದು ಬರೆದು ಹೋದರು. ಈ ಕತೆಯನ್ನು ಹೇಳುವಾಗ ಅವರ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರುತ್ತಿರಲಿಲ್ಲ. “ನಾನು ಯಾರ ಚಿತ್ರಾನೂ ತಪ್ಪು ಅಂತ ಹೇಳಿದೋಳಲ್ಲ ಕಣ್ರೀ. ಸರಿ ಯಾವುದು ಅಂತ ಗೊತ್ತಿದ್ರಲ್ವಾ ತಪ್ಪು ಹೇಳೋದು?” ಎನ್ನುತ್ತಿದ್ದರು.

ನನಗೆ ಅವರು ಸಿಕ್ಕಿದ್ದು ಅವರು ನಿವೃತ್ತರಾದ ಮೇಲೆ. ನಾನು ನಂಜನಗೂಡಿನಲ್ಲಿ, ಮನೆಯಲ್ಲಿ ಏಟು ತಿಂದು ಬರುವ ಹೆಂಗಸರಿಗಾಗಿ ಇರುವ ಒಂದು ಸಹಾಯ ಕೇಂದ್ರದಲ್ಲಿ ಆಪ್ತಸಮಾಲೋಚಕಿ. ಎರಡು ಕೋಣೆಯ ಕಟ್ಟಡ. ಒಂದರಲ್ಲಿ ನಾನು, ಫೈಲುಗಳು ಮತ್ತು ಬಾಗಿಲು ಹಾಕಲು ಬಾರದ ಒಂದು ಬೀರು. ಇನ್ನೊಂದರಲ್ಲಿ ಒಂದು ಜಮಖಾನ. ಒಮ್ಮೆ ಮೇಲಿನಿಂದ ಸುತ್ತೋಲೆ ಬಂತು. ನೊಂದ ಮಹಿಳೆಯರಿಗೆ ಕಲಾ ಚಟುವಟಿಕೆಗಳ ಮೂಲಕ ಮನೋಸ್ಥೈರ್ಯ ತುಂಬಿ, ಫೋಟೊ ಸಮೇತ ವರದಿ ಕಳಿಸಬೇಕು ಎಂದು. ತುಂಬುವವರು ಯಾರು ಎಂಬುದನ್ನು ಅದರಲ್ಲಿ ಬರೆದಿರಲಿಲ್ಲ. ನರಸೀಪುರದಿಂದ ಬರುತ್ತಿದ್ದ ನಮ್ಮ ಅಟೆಂಡರಮ್ಮ, “ನಮ್ ಬೀದೀಲಿ ಒಬ್ರು ರಿಟೈರ್ಡ್ ಡ್ರಾಯಿಂಗ್ ಟೀಚರ್ ಅವ್ರೆ ಮೇಡಂ” ಎಂದಳು. ಕಾಗದ ಬರೆದು ಕರೆಸಿದೆ.

ಅವರು ಬರುವಾಗ ಬಸ್ಸಿನಲ್ಲಿ ಒಂದು ಮೂಟೆ ತಂದರು. ಕುಂಬಾರರ ಮನೆಯಲ್ಲಿ ತುಳಿಸಿ ಹದ ಮಾಡಿಸಿದ ಹಸಿ ಜೇಡಿಮಣ್ಣು. ಕಂಡಕ್ಟರ್ ಮೂಟೆಯನ್ನು ಕಾಲಿನಿಂದ ತಿವಿದು ನೋಡಿದನಂತೆ.

“ಏನಮ್ಮಾ ಇದ್ರೊಳಗೆ?”

“ಜನ.”

“ಜನ ಆದ್ರೆ ಟಿಕೆಟ್ ಆಯ್ತದೆ. ಗಂಡಸ್ರೋ ಎಂಗಸ್ರೋ? ಎಂಗಸ್ರಾದ್ರೆ ಫ್ರೀ.”

“ಇನ್ನೂ ಮಾಡಿಲ್ಲಪ್ಪ. ಮಾಡಿದ ಮೇಲೆ ಹೇಳ್ತೀನಿ.”

ಕಂಡಕ್ಟರ್ ಸ್ವಲ್ಪ ಹೊತ್ತು ಯೋಚಿಸಿ, ಪರವಾಗಿಲ್ಲ ಎಂದು ಮುಂದೆ ಹೋದನಂತೆ. ಆಮೇಲೆ ಪ್ರತಿ ಗುರುವಾರ ಅವರು ಹತ್ತಿದ ಕೂಡಲೇ, “ಏನ್ ಟೀಚರಮ್ಮ, ಇವತ್ತೆಷ್ಟು ಜನ?” ಎಂದು ಕೇಳುತ್ತಿದ್ದ.

ಮೊದಲ ಗುರುವಾರ ಏಳು ಮಂದಿ ಹೆಂಗಸರು ಬಂದಿದ್ದರು. ಕೋರ್ಟಿನಲ್ಲಿ ಹೆಸರು ಕೂಗುವುದನ್ನು ಕಾಯುವವರ ಹಾಗೆ ಗೋಡೆಗೆ ಒರಗಿ ಕುಳಿತಿದ್ದರು. ನಾನು ಅವರ ಫೈಲುಗಳನ್ನು ಟೀಚರ ಮುಂದೆ ಇಟ್ಟು, ಒಬ್ಬೊಬ್ಬರ ಹಿನ್ನೆಲೆ ಹೇಳಲು ಶುರು ಮಾಡಿದೆ. ಅವರು ಕೈ ಅಡ್ಡ ಹಿಡಿದರು.

“ಬೇಡ ಕಣ್ರೀ. ಅವರ ಕತೆ ಅವರ ಹತ್ರ ಇರ್ಲಿ.” ಹೆಂಗಸರ ಕಡೆ ತಿರುಗಿ, “ಎಲ್ಲರೂ ಒಂದೊಂದು ಆನೆ ಮಾಡ್ರಮ್ಮ” ಎಂದರು. ಮಾದರಿಗೆ ತಾವೇ ಒಂದು ಮಾಡಿ ಮಧ್ಯದಲ್ಲಿ ಇಟ್ಟರು.

ಎಲ್ಲರೂ ಅದನ್ನು ನೋಡಿದರು. ದೇವಸ್ಥಾನದ ಹತ್ತಿರ ಹೂ ಮಾರುವ ಮಹದೇವಮ್ಮ ಎಂಬಾಕೆ ಮೂರು ತಿಂಗಳಿಂದ ನಮ್ಮಲ್ಲಿಗೆ ಬರುತ್ತಿದ್ದಳು. ನಾನು ಎಷ್ಟು ಪ್ರಶ್ನೆ ಕೇಳಿದರೂ ಸೆರಗಿನ ತುದಿ ತಿರುವುತ್ತ ಕುಳಿತಿರುತ್ತಿದ್ದವಳು. ಅವಳು ಮೊದಲ ಬಾರಿಗೆ ಬಾಯಿ ಬಿಟ್ಟಳು.

“ಟೀಚರಮ್ಮ, ಆನೆ ಅಂತೀರಿ, ಟೀ ಕಾಯ್ಸೋ ಕೆಟ್ಲಿ ಇದ್ದಂಗದಲ್ಲ.”

“ಹೌದಾ? ಸೊಂಡಿಲು ಎಲ್ಲಿರಬೇಕಿತ್ತು?”

“ಅಯ್ಯ, ಸರೀರಿ ಅತ್ಲಾಗೆ,” ಎಂದು ಮಹದೇವಮ್ಮ ಎದ್ದು ಬಂದು ಆನೆಯನ್ನು ಕಿತ್ತುಕೊಂಡು ಸರಿ ಮಾಡಲು ಕುಳಿತಳು. ಉಳಿದವರು ಅವಳಿಗೆ ಹೇಳಿಕೊಡಲು ಸುತ್ತ ಸೇರಿದರು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೊಟ್ಟೆಯುರಿಯಾಯಿತು. ನಾನು ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವಳು. ಕೆಟ್ಟ ಆನೆಯೊಂದು ನನ್ನ ಮೂರು ತಿಂಗಳ ಕೆಲಸವನ್ನು ಮೂರು ನಿಮಿಷದಲ್ಲಿ ಮಾಡಿ ಮುಗಿಸಿತ್ತು.

ವರದಿಯ ಫಾರಂನಲ್ಲಿ ‘ಚಟುವಟಿಕೆಯ ಫಲಿತಾಂಶ’ ಎಂಬ ಕಾಲಂ ಇತ್ತು. ನೀವೇ ತುಂಬಿ ಎಂದು ಅವರ ಕೈಗೆ ಕೊಟ್ಟೆ. ‘ಆನೆ ಎರಡು, ಗುರುತು ಸಿಗದ್ದು ಐದು’ ಎಂದು ಬರೆದರು. ನಾನು ತಿದ್ದಲಿಲ್ಲ. ಮೇಲಿನಿಂದಲೂ ಯಾರೂ ಏನೂ ಕೇಳಲಿಲ್ಲ. ಅಲ್ಲಿ ಯಾರೂ ಓದುವುದಿಲ್ಲ ಎಂಬ ನನ್ನ ಅನುಮಾನ ಅಂದು ಪರಿಹಾರವಾಯಿತು.

ಕೆಲವು ವಾರ ಕಳೆದ ಮೇಲೆ ಒಂದು ದಿನ ಕೇಳಿದೆ, “ಮಣ್ಣು ಮುಟ್ಟಿದ್ರೆ ಮನಸ್ಸು ವಾಸಿ ಆಗುತ್ತೆ ಅಂತಾರಲ್ಲ, ನಿಮಗೂ ಹಾಗೆ ಅನ್ನಿಸುತ್ತಾ ಟೀಚರ್?”

“ವಾಸಿ ಆಗೋದು ನಂಗೊತ್ತಿಲ್ಲ ಕಣ್ರೀ. ಕೈ ಮಣ್ಣಾಗಿದ್ರೆ ಫೋನ್ ಎತ್ತಕ್ಕಾಗಲ್ಲ. ಅಲ್ನೋಡಿ.”

ಕಿಟಕಿಯ ಕಟ್ಟೆಯ ಮೇಲೆ ಏಳು ಫೋನುಗಳು ಸಾಲಾಗಿ ಇದ್ದವು. ಒಂದಾದ ಮೇಲೊಂದು ಹೊಡೆದುಕೊಳ್ಳುತ್ತಿದ್ದವು. ಗಂಡಂದಿರು, ಅತ್ತೆಯರು, ಮೈದುನಂದಿರು. ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಅನ್ನಕ್ಕೆ ಇಟ್ಟಿದ್ದೀಯ. ಹೆಂಗಸರು ತಮ್ಮ ಹತ್ತು ಬೆರಳುಗಳನ್ನು ಎತ್ತಿ ತೋರಿಸುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಿದ್ದರು. ಒಂದು ಫೋನು ನಡುಗುತ್ತ ನಡುಗುತ್ತ ತುದಿಗೆ ಬಂದು ಕೆಳಗಿದ್ದ ನೀರಿನ ಬಕೆಟ್ಟಿಗೆ ಬಿತ್ತು. ಅದರ ಒಡತಿ ಎದ್ದು ಹೋಗಿ ಬಕೆಟ್ಟನ್ನು ಬಗ್ಗಿ ನೋಡಿ, “ಮುಳುಗ್ತು” ಎಂದು ತಿಳಿಸಿ, ವಾಪಸು ಬಂದು ಕುಳಿತಳು.

ಆ ಏಳು ಮಂದಿಯಲ್ಲಿ ರತ್ನ ಎಲ್ಲರಿಗಿಂತ ಚಿಕ್ಕವಳು. ಚಿಕ್ಕಯ್ಯನಛತ್ರದ ಹತ್ತಿರ ತವರು, ಸೋಮನಾಥಪುರದ ಕಡೆಗೆ ಕೊಟ್ಟಿದ್ದರು, ಈಗ ತವರಿಗೆ ಬಂದು ಕೂತಿದ್ದಳು. ಯಾವಾಗಲೂ ತಲೆಯ ಮೇಲೆ ಸೆರಗು. ದೇವರಿಗೆ ಮುಡಿ ಕೊಟ್ಟಿದ್ದೆ ಎಂದಿದ್ದಳು. ನಂಜನಗೂಡಿನಲ್ಲಿ ದಿನವೂ ನೂರಾರು ಜನ ತಲೆ ಬೋಳಿಸಿಕೊಂಡು ಓಡಾಡುತ್ತಾರೆ. ಇಲ್ಲಿ ಯಾರ ತಲೆಯನ್ನೂ ಯಾರೂ ಯಾಕೆಂದು ಕೇಳುವುದಿಲ್ಲ. ಬಲಗೈಯ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದೆ ಎಂದಿದ್ದಳು.

ಅವಳ ಗಂಡ ಊರಿನ ಹಾಲಿನ ಡೈರಿಯ ಸೆಕ್ರೆಟರಿ. ಬಿಳಿ ಷರಟು, ಹಣೆಯಲ್ಲಿ ವಿಭೂತಿ, ಮೆತ್ತನೆಯ ಮಾತು. ರಾಜಿ ಪಂಚಾಯಿತಿಗೆ ಎರಡು ಸಲ ಬಂದಿದ್ದರು. ಎರಡು ಸಲವೂ ಎಲ್ಲರಿಗೂ ಕೈ ಮುಗಿದು, “ನಾನು ಕೈ ಎತ್ತಿದೋನೇ ಅಲ್ಲ ಮೇಡಂ. ಬೇಕಾದ್ರೆ ಅವಳನ್ನೇ ಕೇಳಿ” ಎಂದಿದ್ದರು. ಕೇಳಿದರೆ ರತ್ನ, “ಊ, ಕಲ್ ಮ್ಯಾಲೆ ಬಿದ್ದೆ” ಎನ್ನುತ್ತಿದ್ದಳು. ಅವಳ ಅಣ್ಣ ಮತ್ತು ಊರಿನ ಹಿರಿಯರು ಕುಳಿತು, ದಸರಾ ಮುಗಿದ ಮೇಲೆ ಅವಳನ್ನು ಗಂಡನ ಮನೆಗೆ ಬಿಟ್ಟು ಬರುವುದೆಂದು ತೀರ್ಮಾನಿಸಿದ್ದರು. ನನ್ನ ಫೈಲಿನಲ್ಲಿ ‘ರಾಜಿಯಾಗಿದೆ’ ಎಂದು ಬರೆಯಲು ಜಾಗ ಬಿಟ್ಟಿದ್ದೆ.

ದಸರಾ ಹತ್ತಿರ ಬಂದಾಗ ಟೀಚರು, ನಮ್ಮ ಕೇಂದ್ರದಲ್ಲೂ ಬೊಂಬೆ ಕೂರಿಸೋಣ ಎಂದರು. ಎಲ್ಲ ಬೊಂಬೆಗಳನ್ನೂ ಹೆಂಗಸರೇ ಮಾಡಬೇಕು. ರಾಜ ರಾಣಿ, ಮದುವೆ ದಿಬ್ಬಣ, ಅಂಗಡಿ ಇಟ್ಟುಕೊಂಡು ಕೂತ ಶೆಟ್ಟರು, ಹೀಗೆ ಎಲ್ಲರ ಮನೆಯಲ್ಲೂ ಇರುವಂಥವೇ. ಶೆಟ್ಟರನ್ನು ರತ್ನ ತೆಗೆದುಕೊಂಡಳು. ಒಂದೂವರೆ ಅಡಿಯ ಬೊಂಬೆ. ದೊಡ್ಡ ಹೊಟ್ಟೆ, ಮೀಸೆ, ಎತ್ತಿದ ಬಲಗೈಯಲ್ಲಿ ಒಂದು ತಕ್ಕಡಿ. ತಕ್ಕಡಿಗೆ ಮಣ್ಣಿನ ಎರಡು ತಟ್ಟೆ ಮಾಡಿ, ಕರಿ ದಾರದಲ್ಲಿ ಕಟ್ಟಿ, ದಾರವನ್ನು ಮುಷ್ಟಿಯೊಳಗೆ ಸೇರಿಸಿದ್ದಳು. ಮೂರು ವಾರ ಅದರ ಮೇಲೆ ಬಗ್ಗಿ ಕುಳಿತಿದ್ದಳು. ಮಡಿಸಲು ಬಾರದ ಬೆರಳುಗಳಲ್ಲಿ ಒಂದು ಆ ಮೂರು ವಾರದಲ್ಲಿ ಅರ್ಧದಷ್ಟು ಮಡಿಸಲು ಬಂತು. ಅದನ್ನು ಅವಳು ಟೀಚರಿಗೆ ತೋರಿಸಿದಳು, ನನಗೆ ತೋರಿಸಲಿಲ್ಲ.

ಬೊಂಬೆಗಳನ್ನು ಮೆಟ್ಟಿಲಿಗೆ ಏರಿಸುವ ದಿನ ತಕ್ಕಡಿ ಕಳಚಿ ಬಿತ್ತು. ತಟ್ಟೆಗಳು ಒಡೆದವು. ಮುಷ್ಟಿಯಿಂದ ಕರಿ ದಾರದ ಎಳೆಗಳಷ್ಟೇ ಜೋತಾಡುತ್ತಿದ್ದವು. ರತ್ನಳ ಕಣ್ಣಲ್ಲಿ ನೀರು ಬಂತು.

“ಹೋಗ್ಲಿ ಬಿಡೇ, ಹಾಗೇ ಇಡು. ಜನ ಏನಾದ್ರೂ ಅಂದ್ಕೋತಾರೆ,” ಎಂದರು ಟೀಚರು.

ಜನ ಏನಂದುಕೊಳ್ಳುತ್ತಾರೆ ಎಂದು ತಿಳಿಯಲು ಬಾಗಿಲಲ್ಲಿ ಒಂದು ನೋಟ್‌ಬುಕ್ ಇಟ್ಟರು. ಬೊಂಬೆಗಳ ಹೆಸರು ಎಲ್ಲೂ ಹಾಕಲಿಲ್ಲ, ನಂಬರ್ ಮಾತ್ರ. ನೋಡಿದವರು ಯಾವುದು ಏನೆಂದು ಪುಸ್ತಕದಲ್ಲಿ ಬರೆಯಬೇಕು. ಜನ ಬಂದರು. ದೇವಸ್ಥಾನಕ್ಕೆ ಬಂದವರು, ಕಾಲೇಜಿನವರು, ಪಕ್ಕದ ಆಫೀಸಿನವರು. ನಮ್ಮ ರಾಣಿಯನ್ನು ಒಬ್ಬರು ಗ್ಯಾಸ್ ಸಿಲಿಂಡರ್ ಎಂದು ಬರೆದರು. ಒಂಬತ್ತನೆಯ ನಂಬರಿನ ಶೆಟ್ಟರಿಗೆ ‘ಟ್ರಾಫಿಕ್ ಪೊಲೀಸ್’, ‘ಅಭಯ ನೀಡುತ್ತಿರುವ ವಿಷ್ಣು’, ‘ಔಟ್ ಕೊಟ್ಟ ಅಂಪೈರ್’, ‘ಬಸ್ ನಿಲ್ಲಿಸುತ್ತಿರುವ ಹೊಟ್ಟೆ ಇರುವ ವ್ಯಕ್ತಿ’ ಎಂದೆಲ್ಲ ಬಂದವು. ಒಬ್ಬರೂ ಶೆಟ್ಟರು ಎಂದು ಬರೆಯಲಿಲ್ಲ. ಹೆಂಗಸರು ಪ್ರತಿ ಸಂಜೆ ಅದನ್ನು ಓದಿಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು.

ನಾಲ್ಕನೆಯ ದಿನ ಡೈರಿ ಸೆಕ್ರೆಟರಿ ಬಂದರು. ಹೆಂಡತಿ ಬೊಂಬೆ ಮಾಡಿದ್ದಾಳಂತೆ, ನೋಡಿಕೊಂಡು ಹೋಗೋಣ ಎಂದು, ಹಣ್ಣು ಹಿಡಿದುಕೊಂಡು. ಒಂದರಿಂದ ಎಂಟರವರೆಗೆ ನಗುತ್ತ ನೋಡಿದರು. ಒಂಬತ್ತರ ಮುಂದೆ ನಿಂತರು. ಬಹಳ ಹೊತ್ತು ನಿಂತರು.

“ಇದನ್ನ ಯಾರು ಮಾಡಿದ್ದು?”

“ನಾನೇ,” ಎಂದಳು ರತ್ನ ಸ್ವಲ್ಪ ಹೆಮ್ಮೆಯಿಂದ.

ಅವರು ಹಣ್ಣಿನ ಕವರನ್ನು ಅಲ್ಲೇ ಇಟ್ಟು ಹೊರಟುಹೋದರು. ಒಂದು ಗಂಟೆಯೊಳಗೆ ಠಾಣೆಯಿಂದ ಫೋನ್ ಬಂತು. ಸಾರ್ವಜನಿಕರ ಎದುರು ತಮ್ಮ ಬೊಂಬೆ ಮಾಡಿಟ್ಟು ಮಾನಹಾನಿ ಮಾಡಿದ್ದಾರೆಂದು ದೂರು ಕೊಟ್ಟಿದ್ದಾರೆ, ಸಂಬಂಧಪಟ್ಟ ಬೊಂಬೆಯೊಂದಿಗೆ ಹಾಜರಾಗಿ ಎಂದು.

ಆಟೋದಲ್ಲಿ ಟೀಚರು, ರತ್ನ, ನಾನು ಹೋದೆವು. ಶೆಟ್ಟರು ಟೀಚರ ತೊಡೆಯ ಮೇಲೆ ಟವೆಲ್ ಹೊದ್ದು ಕುಳಿತಿದ್ದರು. ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಮೇಡಂ ವಯಸ್ಸಿನಲ್ಲಿ ಚಿಕ್ಕವರು. ಅವರು ಬೊಂಬೆಯನ್ನು ಮೇಜಿನ ಮೇಲಿರಿಸಿಕೊಂಡು ಒಂದು ಸುತ್ತು ತಿರುಗಿಸಿ ನೋಡಿದರು. ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ವಿವರ ಬರೆದುಕೊಳ್ಳತೊಡಗಿದರು. “ಎತ್ತರ ಒಂದೂವರೆ ಅಡಿ. ಮೀಸೆ ಇದೆ. ಕುತ್ತಿಗೆ ಇಲ್ಲ. ಗುರುತಿನ ಚಿಹ್ನೆ, ಹೊಟ್ಟೆ.”

“ಇದು ನೀವೇ ಅಂತ ಹೆಂಗೆ ಹೇಳ್ತೀರಿ?” ಎಂದರು ಮೇಡಂ ಸೆಕ್ರೆಟರಿಯವರಿಗೆ. “ಮೂಗೇ ಇಲ್ವಲ್ರೀ ಇದಕ್ಕೆ.”

“ಮುಖ ಬುಡಿ ಮೇಡಂ. ಕೈ ನೋಡಿ.”

“ಕೈ ಏನು?”

“ಹೆಂಗೆ ಎತ್ತೈತೆ ನೋಡಿ. ಮುಷ್ಟೀಲಿ ಅವಳ ಕೂದ್ಲು ಐತಲ್ಲ.”

ಹೆಡ್ ಕಾನ್‌ಸ್ಟೇಬಲ್ ಪದ ಪದವಾಗಿ ಗಟ್ಟಿಯಾಗಿ ಹೇಳಿಕೊಂಡು ಬರೆಯುವವರು. “ಮುಷ್ಟಿಯಲ್ಲಿ... ಅವಳ... ಕೂದಲು...” ಎಂದು ಬರೆದು ತಲೆ ಎತ್ತಿ, “‘ಐತಲ್ಲ’ ಅಂತ ಬರೀಲಾ, ‘ಇರುತ್ತದೆ’ ಅಂತ ಬರೀಲಾ ಮೇಡಂ?” ಎಂದು ಕೇಳಿದರು.

“ಅವರು ಹೇಳಿದಂಗೇ ಬರೀರಿ,” ಎಂದರು ಮೇಡಂ ನಿಧಾನವಾಗಿ.

ಸೆಕ್ರೆಟರಿಯವರು ಲೆಕ್ಕಪತ್ರಗಳಲ್ಲಿ ಕಟ್ಟುನಿಟ್ಟಿನ ಮನುಷ್ಯ. ಬರೆದದ್ದನ್ನು ಪೂರ್ತಿ ಓದಿದರು. ‘ಹೆಂಡತಿ’ ಎಂದಿದ್ದ ಕಡೆ ‘ಧರ್ಮಪತ್ನಿ’ ಎಂದು ತಿದ್ದಿಸಿದರು. ಕೆಳಗೆ ರುಜು ಹಾಕಿದರು.

ರತ್ನ ಅಷ್ಟು ಹೊತ್ತೂ ನೆಲ ನೋಡುತ್ತ ನಿಂತಿದ್ದವಳು, “ಅದು ಶೆಟ್ರು ಮೇಡಂ” ಎಂದಳು.

“ಏನು?”

“ಅಂಗಡಿ ಶೆಟ್ರು. ತಕ್ಕಡಿ ಬಿದ್ದೋಯ್ತು. ಅದು ತಕ್ಕಡಿ ದಾರ. ಕೂದ್ಲಲ್ಲ.”

ಮೇಡಂ ಬೊಂಬೆಯ ಮುಷ್ಟಿಯಿಂದ ಒಂದು ಎಳೆ ಎಳೆದು ನೋಡಿದರು. ದಾರವೇ. ಆಮೇಲೆ ಅವರು ಸೆಕ್ರೆಟರಿಯವರನ್ನು ನೋಡಲಿಲ್ಲ, ರತ್ನಳ ತಲೆಯ ಮೇಲಿನ ಸೆರಗನ್ನು ನೋಡಿದರು.

“ಯಾಕಮ್ಮಾ ತಲೆ ಮುಚ್ಕೊಂಡಿದೀಯ?”

ಮುಡಿ ಕೊಟ್ಟಿದ್ದಾಳೆ ಎಂದು ನಾನು ಹೇಳಲು ಹೊರಟೆ. ಟೀಚರು ನನ್ನ ಕೈ ಅದುಮಿದರು. ರತ್ನ ಒಂದು ಸಲ ಗಂಡನ ಕಡೆ, ಒಂದು ಸಲ ಬೊಂಬೆಯ ಕಡೆ ನೋಡಿದಳು. ಸೆರಗು ತೆಗೆದಳು. ಎಡಗಿವಿಯ ಹಿಂದೆ, ಅಂಗೈಯಗಲ, ಒಂದು ಕೂದಲೂ ಇರಲಿಲ್ಲ.

“ಮುಡಿ ಕೊಟ್ಟೋರ್ಗೆ ಇಷ್ಟೇ ಜಾಗ ಬೋಳಾಯ್ತದಾ ಮೇಡಂ?” ಎಂದಳು. ಅಳಲಿಲ್ಲ. ಮಡಿಸಲು ಬಾರದ ಬೆರಳನ್ನು ಮುಂದೆ ಚಾಚಿ, “ಇದೂ ಕಲ್ ಮ್ಯಾಲೆ ಬಿದ್ದದ್ದಲ್ಲ” ಎಂದಳು.

ಆಗ ಸೆಕ್ರೆಟರಿಯವರಿಗೆ ತಾವು ಏನು ಬರೆಸಿದ್ದೇವೆ ಎಂಬುದು ತಿಳಿಯಿತು. “ನಾನು ಕೂದ್ಲು ಅಂತ ಅಂದಿಲ್ಲ” ಎಂದರು.

“ಅಂದಿದೀರಿ ಸ್ವಾಮಿ,” ಎಂದರು ಹೆಡ್ ಕಾನ್‌ಸ್ಟೇಬಲ್ ಬಹಳ ಗೌರವದಿಂದ. “ಧರ್ಮಪತ್ನಿ ಅಂತಲೂ ಅಂದಿದೀರಿ.”

ವಾಪಸು ಬರುವಾಗ ಆಟೋದಲ್ಲಿ ನನಗೆ ತಡೆಯಲಾಗದೆ ನಗು ಬಂತು. ರತ್ನಳಿಗೂ ಬಂತು. ಟೀಚರು ಮಾತ್ರ ನಗಲಿಲ್ಲ. ರತ್ನಳನ್ನು ಅಂದೇ ಸಂಜೆ ಮಹದೇವಮ್ಮನ ಮನೆಗೆ ಕಳಿಸಿ ನಾವಿಬ್ಬರೇ ಉಳಿದಾಗ ಹೇಳಿದರು, “ತಕ್ಕಡಿ ಭದ್ರವಾಗಿ ಕಟ್ಟೋದು ಹೇಗೆ ಅಂತ ನನಗೆ ಗೊತ್ತಿದ್ದಿದ್ರೆ ಅದು ಬರೀ ಶೆಟ್ರಾಗಿರ್ತಿತ್ತು. ಅವಳು ಮುಂದಿನ ವಾರ ಅವನ ಮನೇಲಿರ್ತಿದ್ಲು.”

“ಒಳ್ಳೇದೇ ಆಯ್ತಲ್ಲ ಟೀಚರ್.”

“ಒಳ್ಳೇದಾಯ್ತು. ಆದ್ರೆ ಆ ಸೆರಗನ್ನ ನಾನೂ ನೋಡಿದ್ದೆ, ನೀವೂ ನೋಡಿದ್ರಿ. ಕೇಳಬಾರದು ಅಂತ ಹಟ ಹಿಡಿದವಳು ನಾನು. ಕೇಳಬೇಕಿತ್ತೋ ಏನೋ. ಈಗ್ಲೂ ಗೊತ್ತಾಗ್ತಿಲ್ಲ.” ಅವರ ಮಾತು ಅಷ್ಟು ಸಣ್ಣದಾಗಿದ್ದುದನ್ನು ನಾನು ಮೊದಲು ಕೇಳಿರಲಿಲ್ಲ.

ಬೊಂಬೆಯನ್ನು ಠಾಣೆಯವರು ಇಟ್ಟುಕೊಂಡರು. ಒಂಬತ್ತನೆಯ ಜಾಗ ಖಾಲಿ ಇತ್ತು. ಆದರೂ ಸುದ್ದಿ ಹರಡಿ, ಮುಂದಿನ ಎರಡು ದಿನ ಜನ ಹೆಚ್ಚಾಗಿ ಬಂದರು. ಅವರ ನಡುವೆ ಒಬ್ಬ ಗಂಡಸು ನನ್ನನ್ನು ಪಕ್ಕಕ್ಕೆ ಕರೆದ. ಹೆಗಲ ಮೇಲೆ ಟವೆಲ್ಲು, ಐವತ್ತರ ವಯಸ್ಸು.

“ಅಕ್ಕ, ಆ ಬೊಂಬೆ ಮತ್ತೆ ಇಡಬ್ಯಾಡಿ. ನನ್ ಮಗಳ ಮದ್ವೆ ಮಾತು ನಡೀತಾ ಅದೆ. ಯಾರಾದ್ರೂ ಗುರ್ತಿಸ್ಬುಟ್ರೆ ಕಷ್ಟ.”

“ಯಾರನ್ನ?”

“ನನ್ನ.”

ಹೆಂಡತಿಯ ಹೆಸರು ಕೇಳಿದೆ. ಆ ಹೆಸರಿನವರು ನಮ್ಮಲ್ಲಿಗೆ ಬಂದೇ ಇರಲಿಲ್ಲ. ಹಾಗೆಂದು ಹೇಳಿದರೆ ಅವನು ಗಾಬರಿಯಾದ. “ಬಂದಿಲ್ವಾ? ಅಂಗಾದ್ರೆ ಗುರುವಾರ ಗುರುವಾರ ಎಲ್ಗೆ ಓಯ್ತಾಳೆ?”

ಟೀಚರು ಅವನ ಕೈಗೆ ನೋಟ್‌ಬುಕ್ ಕೊಟ್ಟರು. “ಇಲ್ಲಿ ಬರೆದು ಹೋಗಪ್ಪ. ಬೊಂಬೆ ನಂಬರ್ ಒಂಬತ್ತು. ಇದೇನು? ಅಂತ ಇದೆಯಲ್ಲ, ಅದರ ಮುಂದೆ.” ಅವನು ನಿಂತು, ಯೋಚಿಸಿ, ‘ನಾನು’ ಎಂದು ಬರೆದು, ಕೆಳಗೆ ಹೆಸರು ಮತ್ತು ಊರು ಹಾಕಿದ. ಮಾರನೆಯ ದಿನ ಇನ್ನೊಬ್ಬ ಬಂದ. ಅವನೂ ಬರೆದ. ನಾನು ಆ ಎರಡೂ ಊರಿಗೆ ಹೋದೆ. ಮೊದಲನೆಯವನ ಹೆಂಡತಿ ಗುರುವಾರ ಹೋಗುತ್ತಿದ್ದುದು ನಂಜನಗೂಡಿನ ಬಸ್ ಸ್ಟ್ಯಾಂಡಿಗೆ. ಅಲ್ಲಿ ಒಂದು ಬೆಂಚಿನ ಮೇಲೆ ಎರಡು ಗಂಟೆ ಕುಳಿತು ವಾಪಸು ಬರುತ್ತಿದ್ದಳು. ಅಷ್ಟೇ. ಈಗ ನಮ್ಮಲ್ಲಿಗೆ ಬರುತ್ತಾಳೆ.

ರತ್ನಳ ಕೇಸು ಕೋರ್ಟಿಗೆ ಹೋಯಿತು. ಗಂಡ ಹತ್ತಿರ ಸುಳಿಯಬಾರದೆಂದು ಅವಳು ರಕ್ಷಣೆ ಕೇಳಿದ್ದಳು. ಸೆಕ್ರೆಟರಿಯವರ ದೂರೇ ಅವಳ ಕಡೆಯ ಮುಖ್ಯ ಕಾಗದವಾಗಿತ್ತು. ಆದ್ದರಿಂದ ಕೋರ್ಟಿನಲ್ಲಿ ಎಲ್ಲ ತಲೆಕೆಳಗಾಯಿತು. ಆ ಬೊಂಬೆ ತಾನೇ ಎಂದು ಠಾಣೆಗೆ ಓಡಿದ್ದವರ ವಕೀಲರು ಈಗ, ಇದು ನಮ್ಮ ಕಕ್ಷಿದಾರರಲ್ಲ, ಇದು ಅಂಗಡಿ ಶೆಟ್ಟರು, ಮಾಡಿದವರ ಕೌಶಲ್ಯದ ಕೊರತೆಯಿಂದ ತಪ್ಪು ತಿಳಿವಳಿಕೆಯಾಗಿದೆ ಎಂದು ವಾದಿಸಿದರು. ಬೊಂಬೆ ಕಿವಿಗೆ ಒಂದು ಚೀಟಿ ಕಟ್ಟಿಸಿಕೊಂಡು ಮೇಜಿನ ಮೇಲೆ ಕೈ ಎತ್ತಿ ನಿಂತಿತ್ತು, ಏನೋ ಹೇಳಲು ಅವಕಾಶ ಕೇಳುವಂತೆ.

ಟೀಚರು ಸಾಕ್ಷಿಯಾಗಿ ಕಟಕಟೆಗೆ ಬಂದರು. ವಕೀಲರು ಬಹಳ ಮರ್ಯಾದೆಯಿಂದ ಶುರು ಮಾಡಿದರು.

“ತಾವು ಇಪ್ಪತ್ತಾರು ವರ್ಷ ಚಿತ್ರಕಲೆ ಕಲಿಸಿದ ತಜ್ಞರು.”

“ಇಪ್ಪತ್ತಾರು ವರ್ಷ ನಿಜ. ತಜ್ಞೆ ಅಲ್ಲ. ನನಗೆ ಚಿತ್ರ ಬರಲ್ಲ ಸ್ವಾಮಿ.”

ಕೋರ್ಟಿನಲ್ಲಿ ಸದ್ದಾಯಿತು. ನ್ಯಾಯಾಧೀಶರು, “ಬರಲ್ಲ ಅಂದ್ರೆ?” ಎಂದರು.

“ಒಂದು ಹಸು ಬರೆಯಕ್ಕೂ ಬರಲ್ಲ. ಪ್ರಮಾಣ ಮಾಡಿದೀನಲ್ಲ, ಅದಕ್ಕೆ ಹೇಳ್ತಿದೀನಿ.”

ನಾನು ಕಣ್ಣು ಮುಚ್ಚಿಕೊಂಡೆ. ವಕೀಲರಿಗೆ ಹಬ್ಬವಾಯಿತು. “ಅಂದರೆ, ಒಂದು ಬೊಂಬೆಯನ್ನು ನೋಡಿ ಅದು ಯಾರನ್ನು ಹೋಲುತ್ತದೆ ಎಂದು ಹೇಳುವ ಅರ್ಹತೆ ತಮಗೆ ಇಲ್ಲ?”

“ಇಲ್ಲ ಸ್ವಾಮಿ. ಅದನ್ನ ನೋಡಿ ಯಾರೂ ಏನೂ ಹೇಳಕ್ಕಾಗಲ್ಲ. ನಾಲ್ಕು ದಿನ ಊರೆಲ್ಲ ಬಂದು ನೋಡಿದ್ರು. ಪುಸ್ತಕ ಇಲ್ಲಿದೆ. ಪೊಲೀಸು ಅಂತ ಬರೆದಿದಾರೆ, ವಿಷ್ಣು ಅಂತ ಬರೆದಿದಾರೆ, ಅಂಪೈರ್ ಅಂತ ಬರೆದಿದಾರೆ. ಈ ಸೆಕ್ರೆಟರಿಯವರನ್ನೂ ಸೇರಿಸಿದ್ರೆ, ‘ನಾನು’ ಅಂದವರು ಮೂರು ಜನ.” ಅವರು ನೋಟ್‌ಬುಕ್ಕನ್ನು ಕಟಕಟೆಯ ಮೇಲಿಟ್ಟರು. “ಆ ದಾರಾನ ಕೂದಲು ಅಂದವರು ಇವರೊಬ್ಬರೇ.”

ವಕೀಲರು ಫೈಲು ಮಡಿಸಿ ಕುಳಿತರು.

ರಕ್ಷಣೆಯ ಆದೇಶ ಸಿಕ್ಕಿತು. ಸೆಕ್ರೆಟರಿಯವರು ರತ್ನಳ ಹತ್ತಿರ ಸುಳಿಯುವಂತಿಲ್ಲ, ಫೋನ್ ಮಾಡುವಂತಿಲ್ಲ. ಅವಳ ಅಣ್ಣ ಬಂದು ಮಾತಾಡಿಸಿ ಹೋದ. ತವರಿಗೆ ಬಾ ಎಂದು ಕರೆಯಲಿಲ್ಲ, ಗಂಡನ ಮನೆಗೆ ಹೋಗು ಎಂದೂ ಹೇಳಲಿಲ್ಲ. ಅವಳು ಬದನವಾಳಿನಲ್ಲಿ ನೂಲುವ ಕೆಲಸಕ್ಕೆ ಸೇರಿದಳು. ಇನ್ನೊಬ್ಬ ಹೆಂಗಸಿನ ಜೊತೆ ಒಂದು ಕೋಣೆ ಮಾಡಿಕೊಂಡಿದ್ದಾಳೆ. ಕೂದಲು ಪೂರ್ತಿ ಬಂದಿಲ್ಲ. ಸೆರಗು ಹೊದೆಯುವುದನ್ನು ಬಿಟ್ಟಿದ್ದಾಳೆ. ಯಾರಾದರೂ ಕೇಳಿದರೆ ಹೇಳುತ್ತಾಳೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಟೀಚರಿಗೆ ಜ್ವರ ಬಂತು. ಎರಡು ದಿನ ಮಲಗಿದರು, ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟರು. ಅಟೆಂಡರಮ್ಮ ಫೋನ್ ಮಾಡಿ ತಿಳಿಸಿದಾಗ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಮಹದೇವಮ್ಮನೇ ಎಲ್ಲರನ್ನೂ ಬಸ್ ಸ್ಟ್ಯಾಂಡಿಗೆ ಬರಹೇಳಿದಳು. ಎಂಟು ಜನ ನರಸೀಪುರದ ಬಸ್ಸು ಹತ್ತಿದೆವು. ಬದನವಾಳಿನಿಂದ ರತ್ನ ಕೆಲಸ ಬಿಟ್ಟು ಬಂದಿದ್ದಳು, ಸೀರೆಯ ಮೇಲೆಲ್ಲ ಹತ್ತಿಯ ಎಳೆ.

ಅಗ್ರಹಾರದ ಹಳೆಯ ಮನೆ. ಟೀಚರನ್ನು ನಡುಮನೆಯಲ್ಲಿ ಮಲಗಿಸಿದ್ದರು. ಪುರೋಹಿತರು ಬಂದಾಗಿತ್ತು. ಅವರ ಭಾವ, ಎಂಬತ್ತರ ಹತ್ತಿರದ ಮುದುಕರು, ಯಾರು ಒಳಗೆ ಬರಬೇಕು ಯಾರು ಹೊರಗೆ ನಿಲ್ಲಬೇಕು ಎಂಬುದನ್ನೆಲ್ಲ ಬಾಗಿಲಲ್ಲಿ ನಿಂತು ನಿಭಾಯಿಸುತ್ತಿದ್ದರು. ಹೂಬುಟ್ಟಿ ಹೊತ್ತವಳು, ಕೂಲಿಯವಳು, ಗಾರ್ಮೆಂಟ್ಸಿನವಳು, ಹೀಗೆ ಎಂಟು ಜನರ ಗುಂಪನ್ನು ನೋಡಿ ಅವರು ಕೈ ಅಡ್ಡ ಚಾಚಿದರು.

“ಹತ್ತಿರದವರು ಮಾತ್ರ ಒಳಗೆ. ಮಿಕ್ಕವರು ಜಗುಲಿ ಮೇಲೆ ಇರಿ. ನೀವೆಲ್ಲ ಅವಳಿಗೆ ಏನಾಗಬೇಕು?”

ನಾನು “ಕೇಂದ್ರದವರು” ಎಂದೆ. ಯಾವ ಕೇಂದ್ರ ಎಂದು ಅವರಿಗೆ ತಿಳಿಯಲಿಲ್ಲ. ನನ್ನ ಹಿಂದಿದ್ದ, ಮೊಮ್ಮಕ್ಕಳನ್ನು ಕಂಡ ಹೆಂಗಸೊಬ್ಬಳು “ಸ್ಟೂಡೆಂಟು” ಎಂದಳು. ಮುದುಕರು ಅವಳನ್ನು ಮೇಲಿಂದ ಕೆಳಗೆ ನೋಡಿದರು. ಮಹದೇವಮ್ಮ, “ಊವ ತಂದಿವ್ನಿ ಸ್ವಾಮಿ” ಎಂದು ಬುಟ್ಟಿ ತೋರಿಸಿದಳು. ಬುಟ್ಟಿ ಕೊಟ್ಟು ಹೊರಗಿರು ಎಂಬಂತೆ ಅವರು ಕೈ ಚಾಚಿದರು. ಅವಳು ಕೊಡಲಿಲ್ಲ.

ರತ್ನ ಮುಂದೆ ಬಂದಳು.

“ನೀನು ಯಾರಮ್ಮ? ನಿನಗೇನಾಗಬೇಕು ಅವಳು?”

“ಸಾಕ್ಷಿ ಆಗಬೇಕು,” ಎಂದಳು ರತ್ನ.

ಮುದುಕರು ಕಿವಿಗೆ ಕೈ ಹಿಡಿದು, “ಏನು?” ಎಂದರು.

“ನನ್ ಸಾಕ್ಷಿ ಸ್ವಾಮಿ ಅವ್ರು. ಕೋರ್ಟಲ್ಲಿ.”

ಅವರು ಹೊಸ್ತಿಲ ಮೇಲೆ ನಿಂತೇ ಅದನ್ನು ಯೋಚಿಸಿದರು. ಅಂಥ ಸಂಬಂಧದವರನ್ನು ಎಲ್ಲಿ ಕೂರಿಸಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ತಿರುಗಿ ಒಳಗೆ, ಚಾಪೆಯ ಮೇಲಿದ್ದ ತಮ್ಮನ ಕಡೆ ನೋಡಿದರು. ಟೀಚರ ಯಜಮಾನರು ಕುಳಿತಲ್ಲಿಂದಲೇ ಎರಡು ಗೇಣು ಹಿಂದೆ ಸರಿದು, ಹೆಂಡತಿಯ ತಲೆಯ ಪಕ್ಕದಲ್ಲಿ ಜಾಗ ಮಾಡಿದರು.